ಕೊಯ್ಯದ ಬಿಲ್ವ

ಮಲ್ಕಣ್ಣ ಆಶ್ರಮಕ್ಕೆ ಬಂದ ಮೊದಲ ದಿನವೇ ಕಲ್ಲಿಗೆ ಬೆಂಕಿ ಹಚ್ಚಲು ಹೋದ.

ಅವನದೂ ಪೂರ್ತಿ ತಪ್ಪೆನ್ನುವಂತಿಲ್ಲ. ಹೊಳೆದಂಡೆಯಲ್ಲಿ ಸಿಕ್ಕ ತುಂಡಿಗೆ ತೊಗಟೆ ಇತ್ತು, ಗಂಟಿತ್ತು, ಹುಳು ಕೊರೆದ ತೂತೂ ಇತ್ತು. ಎತ್ತಿದಾಗ ಸೊಂಟ ಹಿಡಿದುಕೊಂಡಿತು. ಹಸಿ ಕಟ್ಟಿಗೆ, ಅದಕ್ಕೇ ಇಷ್ಟು ಭಾರ ಎಂದುಕೊಂಡು ಒಲೆಗಿಟ್ಟು, ಕಣ್ಣು ಕೆಂಪಾಗುವವರೆಗೆ ಊದಿದ.

ಗುರು ರೇವಯ್ಯಜ್ಜರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಹತ್ತಿತೇನೋ ತಮ್ಮಾ?"

"ಇನ್ನೂ ಹಸಿ ಅದರಿ ಅಜ್ಜಾರ. ಸ್ವಲ್ಪ ತಡೀರಿ."

"ಅದು ಒಣಗಿ ಎಷ್ಟು ಯುಗ ಆಯ್ತೋ ಶಿವನೇ ಬಲ್ಲ. ಆಗಲಿ, ತಡೀತೀನಿ."

ಮರ ಕಲ್ಲಾಗುತ್ತದೆ ಎಂದು ಮಲ್ಕಣ್ಣನಿಗೆ ತಿಳಿದದ್ದು ಅವತ್ತು. ಮಣ್ಣಿನಡಿ ಹೂತ ಮರ ಯುಗಗಟ್ಟಲೆ ನೀರು ಕುಡಿದು, ಎಳೆ ಎಳೆಯೂ ಕಲ್ಲಾಗಿಬಿಟ್ಟಿರುತ್ತದೆ. ಮಳೆಗಾಲ ಕಳೆದ ಮೇಲೆ ಹೊಳೆಯೇ ಅಂಥ ತುಂಡುಗಳನ್ನು ದಂಡೆಗೆ ತಂದು ಹಾಕುತ್ತಿತ್ತು. ಅವನ್ನು ಆರಿಸಿ ತರುವುದು, ಕೊಯ್ಯುವುದು, ಯಾವ ಮರವೆಂದು ಗುರುತು ಹಿಡಿಯುವುದು. ಆ ಆಶ್ರಮದಲ್ಲಿ ಜಪವೂ ಅದೇ, ತಪವೂ ಅದೇ.

ಮೋಕ್ಷ ಹುಡುಕಿಕೊಂಡು ಬಂದಿದ್ದ ಮಲ್ಕಣ್ಣ ಕಲ್ಲು ಹುಡುಕತೊಡಗಿದ. ಎಂಟೇ ದಿನದಲ್ಲಿ ಹುಚ್ಚು ಹತ್ತಿತು.

"ಅಜ್ಜಾರ, ಇದು ಹುಣಸಿ ಗಿಡ ಅಲ್ಲೇನ್ರಿ? ತೊಗಟಿ ನೋಡ್ರಿ."

"ತೊಗಟಿ ನೋಡೇ ನೀ ಕಟ್ಟಿಗಿ ಅಂದಿ. ಒಲಿಗಿ ಇಟ್ಟಿ."

ಅಜ್ಜರು ಬಿದಿರಿನ ಬಿಲ್ಲೊಂದನ್ನು ಅವನ ಮುಂದಿಟ್ಟರು. ನಾರಿನ ಜಾಗದಲ್ಲಿ ಕಬ್ಬಿಣದ ತಂತಿ ಬಿಗಿದಿತ್ತು. ಪಕ್ಕದಲ್ಲಿ ಒಂದು ಗಡಿಗೆ ನೀರು, ಒಂದು ಬಟ್ಟಲು ಸಾಣೆಪುಡಿ.

"ಕೊಯ್ದು ನೋಡು."

ಮಲ್ಕಣ್ಣ ಪುಡಿ ಹಾಕುತ್ತ, ನೀರು ಬಿಡುತ್ತ, ಆರು ದಿನ ತಂತಿ ಎಳೆದ. ಅಂಗೈಗೆ ಬೊಬ್ಬೆ ಬಂತು. ಕಲ್ಲು ಉದ್ದಕ್ಕೆ ಎರಡು ಹೋಳಾಯಿತು.

"ಬರೇ ಗೆರಿ ಕಾಣ್ತಾವರಿ."

"ಈಗ ಅಡ್ಡ ಕೊಯ್ಯಿ."

"ಮತ್ತ ಆರು ದಿನಾನ್ರಿ? ಮೊದಲೇ ಹೇಳಬಾರದಿತ್ತೇನ್ರಿ?"

"ಹೇಳಿದ್ರ, ಉದ್ದ ಕೊಯ್ದ್ರ ಏನ್ ಕಾಣ್ತದಂತ ನಿನಗ ಹೆಂಗ ತಿಳೀತಿತ್ತು?"

ಅಡ್ಡ ಕೊಯ್ದ ಮುಖವನ್ನು ಉಜ್ಜಿ ನುಣುಪು ಮಾಡಿ, ನೀರು ಸವರಿ, ಅಜ್ಜರ ಭೂತಗನ್ನಡಿ ಹಿಡಿದು ನೋಡಿದಾಗ ಮಲ್ಕಣ್ಣ ಬೊಬ್ಬೆಯ ಉರಿಯನ್ನೇ ಮರೆತ. ಮರ ನೀರು ಕುಡಿದ ಕೊಳವೆಗಳ ಬಾಯಿ ಒಂದೂ ಬಿಡದೆ ಹಾಗೇ ಇದ್ದವು. ಅವು ಸುತ್ತು ಸುತ್ತಾಗಿ ಸಾಲುಗಟ್ಟಿದ್ದರೆ ತೇಗದ ಕುಲ. ಎಲ್ಲೆಂದರಲ್ಲಿ ಚದುರಿದ್ದರೆ ಮಾವಿನಂಥವುಗಳ ಕುಲ. ಸುತ್ತೇ ಇಲ್ಲದೆ ಮೈತುಂಬ ದಪ್ಪ ಚುಕ್ಕಿಗಳಿದ್ದರೆ ಈಚಲದ ಕುಲ.

ಅಜ್ಜರ ಕಟ್ಟಪ್ಪಣೆ ಇದ್ದದ್ದು ಒಂದೇ. ಕೊಯ್ಯದೆ ಹೆಸರು ಹೇಳಬಾರದು.

ನಾಲ್ಕು ವರ್ಷ ಹೀಗೇ ಕಳೆದವು.

ಆಶ್ರಮದ ಅಂಗಳದಲ್ಲಿ ಒಂದು ಕಲ್ಲಿನ ದಿಮ್ಮಿ ಬಿದ್ದಿತ್ತು. ಅಜ್ಜರ ಗುರುಗಳು ಅದರ ಮೇಲೆ ಕೂತೇ ಉಪದೇಶ ಮಾಡುತ್ತಿದ್ದರಂತೆ. ಅದು ಬಿಲ್ವವೃಕ್ಷ ಎಂದವರೂ ಅವರೇ. ಊರಿನ ಮುದುಕಿ ಕಾಶವ್ವ ದಿನಾ ಬೆಳಿಗ್ಗೆ ಅದಕ್ಕೆ ಬಿಲ್ವಪತ್ರೆ ಏರಿಸುತ್ತಿದ್ದಳು. ಅದಕ್ಕೆ ಹಣೆ ಮುಟ್ಟಿಸದೆ ಅಜ್ಜರು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ಒಂದು ದಿನ ಎತ್ತಿನ ಗಾಡಿಯ ಗಾಲಿ ಬಡಿದು ದಿಮ್ಮಿಯ ತುದಿಯಿಂದ ಅಂಗೈಯಗಲದ ಚೂರು ಹಾರಿತು.

ಅಜ್ಜರು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. "ಹೊಳಿಗಿ ಬಿಟ್ಟು ಬಾ," ಎಂದು ಮಲ್ಕಣ್ಣನ ಕೈಗೆ ಕೊಟ್ಟರು.

ಮಲ್ಕಣ್ಣ ಹೊಳೆಯವರೆಗೆ ಹೋದ. ಬಿಡಲು ಕೈ ಬರಲಿಲ್ಲ. ನಾಲ್ಕು ವರ್ಷ ಕಂಡ ಕಂಡ ಕಲ್ಲನ್ನೆಲ್ಲ ಕೊಯ್ದವನಿಗೆ, ಇದರೊಳಗೆ ಹೇಗಿದ್ದೀತು ಎಂಬ ಕಡಿತ ತಡೆಯಲಾಗಲಿಲ್ಲ. ಬಿಲ್ಲು ಒಯ್ದು ಹೊಳೆಯ ತಿರುವಿನಲ್ಲಿ ಬಂಡೆಯ ಮರೆಗೆ ಕೂತು ಐದು ದಿನ ಕದ್ದು ಕೊಯ್ದ.

ಸುತ್ತು ಇರಲಿಲ್ಲ. ಮೈತುಂಬ ದಪ್ಪ ಚುಕ್ಕಿಗಳು.

ಇದು ಬಿಲ್ವವಲ್ಲ. ಮುಂದಿನ ಸೋಮವಾರವೇ ಅಜ್ಜರು ಅವನಿಗೆ ತಮ್ಮ ಭೂತಗನ್ನಡಿ ಕೊಡುವವರಿದ್ದರು. ಅದು ಕೈಗೆ ಬಂತೆಂದರೆ ಶಿಷ್ಯ ತಾನೇ ಕಲ್ಲಿಗೆ ಹೆಸರು ಹೇಳಬಹುದು. ಅದಕ್ಕೆ ಮೊದಲು ಊರವರ ಎದುರು ಆಶ್ರಮದ ಕಲ್ಲುಗಳನ್ನೆಲ್ಲ ಹೆಸರಿಸಬೇಕು. ಕಡೆಗೆ ಅಂಗಳದ ದಿಮ್ಮಿಯನ್ನು ಮುಟ್ಟಿ "ಬಿಲ್ವ" ಎನ್ನಬೇಕು. ಅದು ಅಲ್ಲಿಯ ಪದ್ಧತಿ.

ಎರಡೇ ಅಕ್ಷರ. ಅಂದುಬಿಟ್ಟರೆ ಭೂತಗನ್ನಡಿ ಅವನದು. ಅನ್ನದಿದ್ದರೆ ಅದೂ ಇಲ್ಲ, ಬಹುಶಃ ಅಜ್ಜರೂ ಇಲ್ಲ.

ಮಜ್ಜಿಗೆ ಕೊಡುವ ನೆಪದಲ್ಲಿ ಅಜ್ಜರ ಹತ್ತಿರ ಹೋಗಿ ಕೂತ.

"ಅಜ್ಜಾರ, ಅಂಗಳದ ಆ ಬಿಲ್ವಪತ್ರಿ ದಿಮ್ಮೀನ ಯಾರು ಕೊಯ್ದು ನೋಡ್ಯಾರರಿ?"

"ನಮ್ಮ ಗುರುಗಳು ಹೇಳ್ಯಾರ."

"ಅವರು ಕೊಯ್ದಿದ್ರೇನ್ರಿ?"

ಅಜ್ಜರ ಮುಖ ಬಿಗಿಯಿತು. ಲೋಟ ಕೆಳಗಿಟ್ಟರು.

"ಗುರುಗಳು ಹೇಳ್ಯಾರ ಅಂದೆ."

ಮಜ್ಜಿಗೆ ಕುಡಿಯಲಿಲ್ಲ. ಮಲ್ಕಣ್ಣ ತುಂಬಿದ ಲೋಟ ಎತ್ತಿಕೊಂಡು ಎದ್ದ. ಅಜ್ಜರನ್ನು ಅವನು ಹೆತ್ತವರಿಗಿಂತ ಹೆಚ್ಚು ಹಚ್ಚಿಕೊಂಡಿದ್ದ.

ಸೋಮವಾರ ಬಂತು. ಊರವರು ಕೂಡಿದರು. ಮಲ್ಕಣ್ಣ ಒಂದೊಂದೇ ಕಲ್ಲು ಮುಟ್ಟಿ ಹೆಸರು ಹೇಳಿದ. ಎಲ್ಲಿಯೂ ತಡವರಿಸಲಿಲ್ಲ. ಕಾಶವ್ವ ತನ್ನ ಮೊಮ್ಮಗನೇ ಗೆದ್ದಂತೆ ತಲೆದೂಗಿದಳು.

ಕೊನೆಗೆ ದಿಮ್ಮಿ.

ಕೈ ಇಟ್ಟ. ಬಾಯಿ ತೆರೆದ. ಮತ್ತೆ ಮುಚ್ಚಿದ.

"ಹೇಳೋ ಮಲ್ಕಣ್ಣ," ಎಂದಳು ಕಾಶವ್ವ. "ನನಗೂ ಗೊತ್ತಿರೋ ಹೆಸರದು!"

ಎಲ್ಲರೂ ನಕ್ಕರು. ಮಲ್ಕಣ್ಣ ನಗಲಿಲ್ಲ. ಮಡಿಲಿನಿಂದ ಕೊಯ್ದ ಬಿಲ್ಲೆಯನ್ನು ತೆಗೆದು ಅಜ್ಜರ ಮುಂದೆ ಹಿಡಿದ.

"ಗಾಡಿ ಬಡಿದ ಚೂರರಿ. ಹೊಳಿಗಿ ಬಿಡಲಿಲ್ಲ, ಕೊಯ್ದೀನಿ. ಹೆಸರು ನೀವೇ ಹೇಳ್ರಿ."

ಊರವರು ಹತ್ತಿರ ಸರಿದರು.

ಅಜ್ಜರು ಬಿಲ್ಲೆಗೆ ನೀರು ಸವರಿದರು. ಬಿಸಿಲಿಗೆ ಹಿಡಿದರು. ಭೂತಗನ್ನಡಿ ಇಟ್ಟು ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಅವರ ಕಿವಿ ಕೆಂಪಾದದ್ದು ಮಲ್ಕಣ್ಣನಿಗೆ ಕಂಡಿತು. ಇನ್ನು ತನ್ನ ಗಂಟುಮೂಟೆ ಕಟ್ಟುವುದೇ ಸರಿ ಎಂದುಕೊಂಡ.

"ಬಿಲ್ವಪತ್ರೀನೇ ಹೌದಲ್ರಿ ಅಜ್ಜಾರ?" ಕಾಶವ್ವನ ದನಿ ಸಣ್ಣಗಾಗಿತ್ತು.

"ಅಲ್ಲವ್ವ. ಈಚಲ."

"ಸೇಂದಿ ಇಳಸೋ ಗಿಡೇನ್ರಿ!" ಹಿಂದಿನಿಂದ ಯಾರೋ ಕೂಗಿದರು.

"ಅದರದೇ ಕುಲ."

ಗುಜುಗುಜು ಎದ್ದಿತು. ಕಾಶವ್ವ ಉಡಿಯಲ್ಲಿದ್ದ ಪತ್ರೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಳು.

"ಹಂಗಾದ್ರ ನಾಳಿಂದ ನಾ ಬರಲೋ ಬ್ಯಾಡೋ?"

"ನೀ ತರೋ ಎಲಿ ಬಿಲ್ವಪತ್ರೀದೇ ಹೌದಲ್ಲ?"

"ಹೌದರಿ. ನನ್ನ ಕೈಲೆ ಹರೀತೀನಿ."

"ಮತ್ತ ತಾ."

ಮಲ್ಕಣ್ಣ ಅಜ್ಜರ ಕಾಲಿಗೆ ಬಿದ್ದ. "ನಿಮ್ಮ ಮಾತು ಮೀರಿದೆ. ತಪ್ಪಾಯ್ತ್ರಿ."

"ತಪ್ಪ ಖರೇನ. ಏಳು. ಹಿಂಗ ಓರೆ ಕೊಯ್ದೀಯಲ್ಲ, ಚುಕ್ಕಿ ಎಲ್ಲಾ ಜಗ್ಗಿದಂಗ ಕಾಣ್ತಾವ ಇಲ್ಲಿ."

ಅಜ್ಜರು ದಿಮ್ಮಿಯ ಬಳಿ ಮಂಡಿಯೂರಿದರು. ಗಾಡಿ ಬಡಿದ ತುದಿಗೆ ನೀರು ಸವರಿ, ಮೂಗು ತಾಗುವಷ್ಟು ಬಾಗಿದರು. ನಲವತ್ತು ವರ್ಷ ಹಣೆ ಮುಟ್ಟಿಸಿದ ಕಲ್ಲನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ ಎಂದು ಮಲ್ಕಣ್ಣನಿಗೆ ಅನಿಸಿತು. ಅವರ ಬೆರಳು ಚುಕ್ಕಿಯಿಂದ ಚುಕ್ಕಿಗೆ ಓಡುತ್ತಿತ್ತು.

ಊರವರು ಕಾದರು. ಮಲ್ಕಣ್ಣ ಕಾದ. ಹೊತ್ತು ನೆತ್ತಿಗೇರಿತು.

ಕಾಶವ್ವನಿಗೇ ತಡೆಯಲಾಗಲಿಲ್ಲ. "ಅಜ್ಜಾರ, ಮಲ್ಕಣ್ಣಗ ಭೂತಗನ್ನಡಿ ಕೊಡ್ತೀರೋ ಇಲ್ಲೋ?"

ಅಜ್ಜರು ತಲೆ ಎತ್ತಲಿಲ್ಲ.

"ಅವಂದೇ ಅದವ್ವ. ನಾಳಿಗಿ ಒಯ್ಯಲಿ. ಇವತ್ತೊಂದಿನ ನನಗ ಬೇಕು."