ಮಂಜಿನ ಸೀಸೆ, ಬಣ್ಣದ ಚೀಟಿ

ಪ್ರಯೋಗಾಲಯದ ಫ್ರೀಜರಿನಲ್ಲಿ ಬೆರಳುದ್ದದ ಸೀಸೆಯೊಂದಿತ್ತು. ಅದರ ಹೊಟ್ಟೆಯಲ್ಲಿದ್ದದ್ದು ಪೆಪ್ಟೈಡ್ ಎಂಬ ಹೊಸ ಮದ್ದಿನ ಚಿಟಿಕೆ ಪುಡಿ. ಅದು ಊತ ಇಳಿಸುತ್ತದೋ ಇಲ್ಲವೋ ಎಂದು ಇಲಿಗಳ ಮೇಲೆ ಪರೀಕ್ಷೆ ನಡೆದಿತ್ತು. ಒಂದು ಬೆಳಿಗ್ಗೆ ಸೀಸೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟಾಗ, ಮಾರಾಟಕ್ಕೆಂದು ಅಚ್ಚಾಗಿ ಬಂದಿದ್ದ ಬಣ್ಣದ ಚೀಟಿ ಹತ್ತಿರ ಸರಿಯಿತು.

"ತಿರುಗಿ ನಿಲ್ಲು, ಅಂಟಿಕೊಳ್ಳುತ್ತೇನೆ."

"ನಿನ್ನ ಮೇಲೆ ಏನು ಬರೆದಿದೆ?" ಎಂದಿತು ಸೀಸೆ.

"ಎಲ್ಲ ಊತಕ್ಕೂ ಒಂದೇ ಮದ್ದು!"

ಮಂಜುಗಟ್ಟಿದ್ದ ಸೀಸೆಗೂ ಮೈ ಉರಿಯಿತು. "ಹತ್ತು ಇಲಿಗಳಲ್ಲಿ ನಾಲ್ಕರ ಕಾಲೂತ ಇಳಿದಿದೆ. ಆರು ಇನ್ನೂ ಕುಂಟುತ್ತಿವೆ. ಮೊದಲು ಅವನ್ನು ಕೇಳಿಕೊಂಡು ಬಾ."

"ಇಲಿಗಳ ಮಾತಿಗೆ ಯಾರು ಕಿವಿಗೊಡುತ್ತಾರೆ? ನಾನಿಲ್ಲದಿದ್ದರೆ ನಿನ್ನನ್ನು ಯಾರೂ ಮೂಸಿಯೂ ನೋಡುವುದಿಲ್ಲ!" ಎನ್ನುತ್ತ ಚೀಟಿ ಮೇಲೆರಗಿತು. ಮಂಜಿನ ಪೊರೆಯ ಮೇಲೆ ಅಂಟು ಹಿಡಿಯಲಿಲ್ಲ, ಚೀಟಿ ಜಾರಿತು. ಮತ್ತೆ ಎರಗಿತು, ಮತ್ತೆ ಜಾರಿತು.

"ಒಂಚೂರು ಬೆಚ್ಚಗಾಗಬಾರದೇ?" ಎಂದು ಕೊನೆಗೆ ಗೋಗರೆಯಿತು.

"ಬೆಚ್ಚಗಾದರೆ ನೀನು ಅಂಟುತ್ತೀಯೆ, ಒಳಗಿನ ಪುಡಿ ಕೆಡುತ್ತದೆ. ಒಳಗೇ ಕೆಟ್ಟ ಮೇಲೆ ನಿನ್ನ ಬಣ್ಣ ಕಟ್ಟಿಕೊಂಡು ನನಗೇನಾಗಬೇಕು? ಹೋಗಾಚೆ!"

ಚೀಟಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಸಂಶೋಧಕಿ ಬಂದು ಸೀಸೆಯನ್ನು ಫ್ರೀಜರಿಗೆ ಮರಳಿಸಿದಳು. ಅಂಟಲು ಅಷ್ಟೊಂದು ಹಾತೊರೆದಿದ್ದ ಚೀಟಿ ಅವಳ ಚಪ್ಪಲಿಯಡಿಗೆ ಭದ್ರವಾಗಿ ಅಂಟಿಕೊಂಡು ಹೊರಟಿತು.