ನೇಕಾರನ ಪಾಸ್‌ವರ್ಡ್

“ಗುರುಗಳೇ, ಮನೆ ನನ್ನದು, ಕಂಪ್ಯೂಟರ್ ನನ್ನದು. ಆದರೂ ಒಂದು ಫೋಲ್ಡರ್ ಮುಟ್ಟಹೋದರೆ ‘ನಿನಗೆ ಅನುಮತಿ ಇಲ್ಲ, ಪಾಸ್‌ವರ್ಡ್ ಕೊಡು’ ಅನ್ನುತ್ತದೆ. ಯಜಮಾನನನ್ನೇ ನಂಬದ ಯಂತ್ರವನ್ನು ಕಟ್ಟಿಕೊಂಡು ಏನು ಮಾಡಲಿ? ಹೀಗೆ ಕೇಳುವ ಅದರ ಚಾಳಿಯನ್ನೇ ತೆಗೆದುಹಾಕಿಬಿಡಲೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. “ನೀನು ಯಾರೆಂದು ನಾಲ್ಕು ಸಲ ಕೇಳಿದ್ದಕ್ಕೇ ನಿನ್ನ ಮೀಸೆ ಮಣ್ಣಾಯಿತೇ? ಕೂತುಕೋ” ಎಂದು ಈ ಸಂಗತಿಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನು ಸೀರೆ ನೇಯುತ್ತಿದ್ದ, ಹೆಂಡತಿ ಅದರ ಮೇಲೆ ಕಸೂತಿ ಹಾಕುತ್ತಿದ್ದಳು. ಆ ಓಣಿಯ ನೇಕಾರರಿಗೆ ಒಂದು ಹೆಮ್ಮೆ ಇತ್ತು. ಕೈ ನೋಡಿಕೊಂಡು ನೇಯುವವನು ಇನ್ನೂ ಕಲಿಯುವವನು. ಕಲಿತವನು ಬಾಗಿಲ ಕಡೆ ನೋಡುತ್ತ, ಬಂದವರ ಜೊತೆ ಮಾತಾಡುತ್ತ ನೇಯಬೇಕು. ಈ ನೇಕಾರ ಅದರಲ್ಲಿ ಎತ್ತಿದ ಕೈ. ಲಾಳಿಯ ಕಡೆ ಕಣ್ಣು ಹಾಯಿಸದಿದ್ದರೂ ಅವನಿಗೆ ಒಂದು ಎಳೆ ತಪ್ಪುತ್ತಿರಲಿಲ್ಲ.

ಅವರ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ನೇಕಾರ ಅದರಲ್ಲಿ ಮಾರುವ ಸೀರೆಗಳ ಚಿತ್ರ ಇಡುತ್ತಿದ್ದ. ಹೆಂಡತಿ ಹಳೆಯ ಕಸೂತಿಯ ಚಿತ್ರ ಇಡುತ್ತಿದ್ದಳು. ಅವಳು ವರ್ಷಗಟ್ಟಲೆ ಊರೂರು ತಿರುಗಿ, ಮುದುಕಿಯರ ಪೆಟ್ಟಿಗೆ ತೆಗೆಸಿ, ಹರಿದ ಸೀರೆಗಳ ಚಿತ್ರ ತೆಗೆದು ತಂದಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹಳೆಯದನ್ನು ಕಣ್ಣಾರೆ ಕಂಡರೆ ಮಾತ್ರ ಆ ಎಣಿಕೆ ಸಿಗುತ್ತದೆ. ಆ ಮುದುಕಿಯರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು. ಅವರ ಸೀರೆಗಳು ಹರಿದು, ಚಿಂದಿ ಸೇರಿಸಿ ಹೊಲಿಯುವ ಕೌದಿಗೆ ಸೇರಿಹೋಗಿದ್ದವು.

ಅದಕ್ಕೇ ಅವಳು ಆ ಫೋಲ್ಡರನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದಳು. ಯಾರು ಬೇಕಾದರೂ ತೆರೆದು ನೋಡಬಹುದು. ಅಳಿಸುವ ಹಕ್ಕು ಅವಳೊಬ್ಬಳಿಗೇ. ಆದರೆ ಯಾವ ತಡೆಯನ್ನಾದರೂ ತೆಗೆಯಬಲ್ಲ, ಇಡೀ ಕಂಪ್ಯೂಟರಿನ ಪಾಸ್‌ವರ್ಡ್ ಗಂಡನ ಬಳಿ ಇತ್ತು. ಮನೆಯ ಯಜಮಾನ ಅಲ್ಲವೇ!

ಏನಾದರೂ ಬದಲಾಯಿಸಹೋದರೆ ಕಂಪ್ಯೂಟರ್ ಆ ಪಾಸ್‌ವರ್ಡ್ ಕೇಳುತ್ತಿತ್ತು. ಮೊದಮೊದಲು ನೇಕಾರ ಯಾಕೆ ಕೇಳುತ್ತಿದೆ ಎಂದು ಓದಿ ಕೊಡುತ್ತಿದ್ದ. ಬರಬರುತ್ತ ಓದುವುದನ್ನು ಬಿಟ್ಟ. ಬೆರಳಿಗೆ ರೂಢಿಯಾಯಿತು. ಲಾಳಿ ಎಸೆದ ಹಾಗೆ ಪಾಸ್‌ವರ್ಡ್ ಎಸೆಯತೊಡಗಿದ. ಅದೂ ಒಂದು ಕಸಬುಗಾರಿಕೆ ಎಂದೇ ತಿಳಿದ, ಪುಣ್ಯಾತ್ಮ.

ಒಂದು ದಿನ ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಆಗ ಒಬ್ಬ ವ್ಯಾಪಾರಿ ಬಂದು ಕೂತಿದ್ದ. ಅವನ ಜೊತೆ ಮಾತಾಡುತ್ತಲೇ ನೇಕಾರ ಹಳೆಯ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಹೊರಟ. ಹೆಂಡತಿಯದೂ ಅದರಲ್ಲಿ ಸೇರಿತ್ತು. ಕಂಪ್ಯೂಟರ್ ತಡೆಯಿತು, ಇದು ನಿನ್ನದಲ್ಲ, ಪಾಸ್‌ವರ್ಡ್ ಬೇಕು ಎಂದಿತು. ಅವನ ಕಣ್ಣು ವ್ಯಾಪಾರಿಯ ಮೇಲಿತ್ತು, ಬೆರಳು ಪಾಸ್‌ವರ್ಡ್ ಹಾಕಿತು. ಇದು ನನ್ನ ಕಸದ ಬುಟ್ಟಿಯಲ್ಲಿ ಹಿಡಿಸುವುದಿಲ್ಲ, ಮರಳಿ ಸಿಗದಂತೆ ಪೂರ್ತಿ ಅಳಿಸಲೇ ಎಂದು ಅದು ಮತ್ತೆ ಕೇಳಿತು. ಬೆರಳು ಅದಕ್ಕೂ ಒಪ್ಪಿತು. ವ್ಯಾಪಾರಿ ಚಹಾ ಕುಡಿದು ಎದ್ದು ಹೋದ.

ಸಂಜೆ ಹೆಂಡತಿ ಕಸೂತಿಯ ಒಂದು ಗೋಪುರದ ಚಿತ್ತಾರಕ್ಕೆ ಎಳೆಗಳ ಎಣಿಕೆ ನೋಡಲು ಕೂತಳು. ಫೋಲ್ಡರ್ ಇರಲಿಲ್ಲ. ಗಂಡನನ್ನು ಕರೆದಳು.

“ಅಲ್ರೀ, ಅಳಿಸೋ ಮುಂದ ಅದು ನಿಮ್ಮನ್ನ ಕೇಳಲಿಲ್ಲೇನು?”

“ಕೇಳ್ತು.”

“ಏನಂತ ಕೇಳ್ತು?”

“ಅದನ್ನ ಯಾರು ಓದ್ತಾರ! ಪಾಸ್‌ವರ್ಡ್ ಕೇಳ್ತು, ಹಾಕಿದೆ.”

“ಯಾಕ ಬಂದೀ ಅಂತ ಕೇಳಲಾರದ, ಬಂದವರಿಗೆಲ್ಲ ಮನಿ ಕೀಲಿ ಕೊಡ್ತೀರೇನು? ನನ್ನ ಅರ್ಧ ಆಯುಷ್ಯ ಅದರಾಗಿತ್ತಲ್ರೀ!” ಎಂದಳು ಹೆಂಡತಿ.

ನೇಕಾರ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿಯವನ ಬಳಿ ಓಡಿದ. ಅವನ ಸೀರೆಗಳ ಕೆಲವು ಚಿತ್ರ ಮರಳಿ ಬಂದವು. ಅವಳದು ಒಂದೂ ಬರಲಿಲ್ಲ. ಮನೆಗೆ ಬಂದು ನೋಡಿದರೆ, ಅವಳು ನೆನಪಿನಿಂದಲೇ ಗೋಪುರ ಹಾಕಲು ಕೂತಿದ್ದಳು. ಅರ್ಧಕ್ಕೆ ಎಣಿಕೆ ತಪ್ಪಿತು, ಬಿಚ್ಚಿದಳು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಒಳಗೆ ಹೋದಳು. ನೇಕಾರ ಆ ಬಟ್ಟೆ ಹಿಡಿದುಕೊಂಡು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಂಕಟವಾಯಿತು.

“ಎರಡು ಸಲ ತಡೆದು ಕೇಳಿದ ಯಂತ್ರ ಕೊನೆಗೆ ಅದನ್ನು ಅಳಿಸಿದ್ದಾದರೂ ಯಾಕೆ, ಗುರುಗಳೇ?” ಎಂದ.

“ಯಜಮಾನನನ್ನು ನಂಬಿತಪ್ಪ, ಅದಕ್ಕೇ” ಎಂದರು ಗುರುಗಳು.