ಪೈಲ್ವಾನನ ಬೆನ್ನು

ಪುಟ್ಟಮಾದು ಬೆಳಗಿನ ಜಾವ ಗರಡಿಯಲ್ಲಿ ಪೈಲ್ವಾನ, ಆಮೇಲೆ ದಿನವಿಡೀ ದರ್ಜಿ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ನಲವತ್ತೊಂದನೆಯ ವಯಸ್ಸಿಗೆ ಮಂಡಿ ಕೈಕೊಟ್ಟಿತು.

ಕುಸ್ತಿ ಸಾಕು, ಬೇಕಾದರೆ ಈಜು ಎಂದರು ಡಾಕ್ಟರು.

ಹೊಳೆದಂಡೆಯ ಮಂಟಪದ ಬಳಿ ಈಜು ಕಲಿಸುತ್ತಿದ್ದ ಚೆನ್ನವೀರಯ್ಯನವರ ಮುಂದೆ ಹೋಗಿ ನಿಂತ. ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ ಅವರು.

“ಹೊಲಿಗೆ ಇದೆಯಲ್ಲಪ್ಪ, ಇನ್ನೂ ಆಟ ಯಾಕೆ?”

“ಹೊಲಿಗೆ ಹೊಟ್ಟೆಗೆ, ಗುರುಗಳೇ. ಆಟ ಬಿಟ್ಟು ಮೂರು ತಿಂಗಳಾಯ್ತು. ಬದುಕಿದ್ದೀನಿ ಅಂತಲೇ ಅನ್ನಿಸಿಲ್ಲ.”

“ಸರಿ. ಮೊದಲು ಅಂಗಾತ ತೇಲೋದು ಕಲಿ. ಮಿಕ್ಕಿದ್ದು ಆಮೇಲೆ.”

ಗುರುಗಳು ಅವನ ಬೆನ್ನಡಿ ಅಂಗೈ ಇಟ್ಟು ನೀರಿನ ಮೇಲೆ ಮಲಗಿಸಿದರು. ಬೆನ್ನು ತಗ್ಗಿತೋ ಇಲ್ಲವೋ, ಪುಟ್ಟಮಾದು ಸರಕ್ಕನೆ ಮಗುಚಿ, ಗುರುಗಳ ಕತ್ತಿಗೆ ಕೈ ಹಾಕಿ, ಅವರನ್ನೇ ಮುಳುಗಿಸಿದ.

ಮಾರನೆಯ ದಿನವೂ ಅದೇ. ಪಕ್ಕದಲ್ಲಿ ಆರು ವರ್ಷದ ಮಕ್ಕಳು ಆರಾಮಾಗಿ ತೇಲುತ್ತಿದ್ದರು. ಒಂಬತ್ತು ದಿನದಲ್ಲಿ ಗುರುಗಳು ಕುಡಿದಷ್ಟು ನೀರನ್ನು ಶಿಷ್ಯ ಕುಡಿಯಲಿಲ್ಲ.

ಹತ್ತನೆಯ ದಿನ ಅವನು ನೀರಿಗೇ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ.

“ನನ್ನ ಕೈಲಾಗಲ್ಲ. ಅದೂ ಹೋಯ್ತು, ಇದೂ ಬರಲಿಲ್ಲ.”

“ನೀರು ಕಂಡರೆ ಭಯವಾ?”

“ನೀರಿನ ಭಯ ಇಲ್ಲ. ಕುಸ್ತಿಯಲ್ಲಿ ಬೆನ್ನು ಕೆಳಗಾಯ್ತು ಅಂದರೆ ಸೋತ ಹಾಗೆ, ಗುರುಗಳೇ. ನನಗೆ ಗೊತ್ತಾಗೋ ಮೊದಲೇ ಮೈ ತಿರುಗಿಬಿಡುತ್ತೆ.”

ಗುರುಗಳು ಒದ್ದೆ ಟವೆಲು ಹಿಂಡಿ ಹೆಗಲಿಗೆ ಹಾಕಿಕೊಂಡರು.

“ನಡಿ, ನಿಮ್ಮ ಗರಡಿಗೆ ಹೋಗೋಣ.”

ಗರಡಿಯಲ್ಲಿ ಏಳೆಂಟು ಪೈಲ್ವಾನರಿದ್ದರು, ಎಲ್ಲರೂ ಪುಟ್ಟಮಾದುವಿನ ಹತ್ತಿರ ಪಟ್ಟು ಕಲಿತವರು. ಗುರುಗಳು ಹೊಸ್ತಿಲಿಗೆ ಕೈಮುಗಿದು, ಕೆಮ್ಮಣ್ಣಿನ ಅಖಾಡಕ್ಕೆ ಇಳಿದು ತೊಡೆ ತಟ್ಟಿದರು. ಆ ತೊಡೆಯಲ್ಲಿ ಮಾಂಸವೇ ಇರಲಿಲ್ಲ, ಸದ್ದೂ ಬರಲಿಲ್ಲ.

“ಬಾರಯ್ಯ. ನನ್ನನ್ನ ಕೆಡವು.”

“ಅಯ್ಯೋ, ಬೇಡಿ ಗುರುಗಳೇ.”

“ಒಂಬತ್ತು ದಿನ ಮುಳುಗಿಸುವಾಗ ಈ ಮರ್ಯಾದೆ ಎಲ್ಲಿತ್ತು?”

ಪುಟ್ಟಮಾದು ಅವರನ್ನು ಮೆಲ್ಲಗೆ ಎತ್ತಿ, ಮಗುವನ್ನು ಮಲಗಿಸುವಂತೆ ಮಣ್ಣಿನ ಮೇಲೆ ಅಂಗಾತ ಮಲಗಿಸಿದ. ಗುರುಗಳು ಕೈಕಾಲು ಚಾಚಿದರು. ಏಳಲೇ ಇಲ್ಲ.

“ಕುಸ್ತಿ ಮುಗೀತು ಗುರುಗಳೇ, ಏಳಿ.”

“ಯಾಕೆ ಏಳಲಿ? ತಂಪಾಗಿದೆ. ಸೂರಿನಲ್ಲಿ ಗುಬ್ಬಿ ಗೂಡು ಕಟ್ಟಿದೆ, ನೋಡಿದ್ದೀಯಾ?”

“ಇಲ್ಲ.”

“ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಿನ್ನ ಬೆನ್ನು ಮಣ್ಣಾಗಲಿಲ್ವಾ?”

“ಒಂದು ಸಲ ಆಗಿತ್ತು. ಮೊದಲನೇ ವರ್ಷ.” ಅವನ ದನಿ ತಗ್ಗಿತು. “ನಾಚಿಕೆಗೆ ಕಣ್ಣು ಮುಚ್ಕೊಂಡಿದ್ದೆ.”

“ಬಾ, ಮಲಗು. ಈ ಸಲ ಕಣ್ಣು ಬಿಟ್ಕೊಂಡು.”

ಪುಟ್ಟಮಾದು ಸುತ್ತ ನೋಡಿದ. ತಾನು ಕಲಿಸಿದವರೆಲ್ಲ ಸಾಮು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದರು. ಇನ್ನು ಇವರ ಮುಂದೆ ತಲೆಯೆತ್ತುವುದು ಹೇಗೆ ಎನ್ನಿಸಿತು. ಆದರೂ ಕೂತ. ಕೈ ಊರಿ ಹಿಂದಕ್ಕೆ ಬಾಗಿದ. ಮೈ ತಾನಾಗಿ ಮಗುಚಿತು.

ಯಾರೋ ಕಿಸಕ್ಕನೆ ನಕ್ಕರು.

ಮತ್ತೆ ಹೊರಳಿದ. ಹಲ್ಲು ಕಚ್ಚಿ ಬೆನ್ನನ್ನು ಮಣ್ಣಿಗೆ ಒಪ್ಪಿಸಿದ.

ಕಣ್ಣು ಬಿಟ್ಟು ಸೂರನ್ನೇ ನೋಡುತ್ತ ಮಲಗಿದ. ಅಷ್ಟರಲ್ಲಿ ನಗುವೂ ನಿಂತಿತ್ತು. ಪುಟ್ಟಮಾದುವಿನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು.

“ಗುರುಗಳೇ, ಗುಬ್ಬಿ ಒಳಗೇ ಇದೆ.”

“ನಾಳೆ ಹೊಳೆಗೆ ಬಾ. ಅಲ್ಲಿ ಸೂರೂ ಅಡ್ಡ ಇರಲ್ಲ.”